ಇಸವಿಯ ಕೆಳಗೊಂದು ಚುಕ್ಕಿ

ಮದುವೆಯ ಮುಯ್ಯಿ ಕವರಿನ ಮೇಲೆ ಅಂಟಿಸಿರುತ್ತಾರಲ್ಲ ಒಂದು ರೂಪಾಯಿ ಬಿಲ್ಲೆ, ಅದನ್ನು ಸರಿಯಾಗಿ ನೋಡಿದವರು ಕಡಿಮೆ. ನೂರಕ್ಕೋ ಐನೂರಕ್ಕೋ ಆ ಒಂದು ಸೇರಿದರೆ ಶುಭ ಎಂದು ಎಲ್ಲರಿಗೂ ಗೊತ್ತು. ಮದುವೆ ಮುಗಿದ ಮೇಲೆ ಮನೆಯ ಹಿರಿಯರೊಬ್ಬರು ಕವರು ಹರಿದು, ನೋಟು ಎಣಿಸಿ, ಪುಸ್ತಕದಲ್ಲಿ ಹೆಸರು ಬರೆಯುತ್ತಾ ಹೋಗುತ್ತಾರೆ. ಬಿಲ್ಲೆ ಕಿತ್ತು ಸ್ಟೀಲ್ ಲೋಟಕ್ಕೆ ಹಾಕುವ ಕೆಲಸ ಮಕ್ಕಳದು. ಮಾರನೆಯ ದಿನ ಆ ಲೋಟದ ಚಿಲ್ಲರೆ ದೇವರ ಹುಂಡಿಗೋ ಹಾಲಿನವನಿಗೋ ಹೋಗಿಬಿಡುತ್ತದೆ. ನಾಣ್ಯ ಹುಡುಕುವ ಹವ್ಯಾಸ ಶುರುಮಾಡಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಆ ಲೋಟವನ್ನು ಒಂದು ರಾತ್ರಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕವರು ಮಾಡುವವರು ಹೊಳೆಯುವ ಹೊಸ ಬಿಲ್ಲೆಗಳನ್ನೇ ಒಟ್ಟಿಗೆ ತಂದು ಅಂಟಿಸುವುದರಿಂದ ಅವು ಹೆಚ್ಚು ಕೈ ಬದಲಿಸಿರುವುದಿಲ್ಲ, ಅಕ್ಷರ ಸವೆದಿರುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಗೋಂದು ತಾನಾಗಿ ಬಿಡುತ್ತದೆ.

ಒರೆಸಿ ಬೆಳಕಿಗೆ ಹಿಡಿಯಿರಿ. ಇಸವಿ ಇದೆಯಲ್ಲ, ಅದರ ಕೆಳಗೆ ನೋಡಿ. ಸಾಸಿವೆ ಕಾಳಿಗಿಂತ ಚಿಕ್ಕದಾದ ಗುಂಡು ಚುಕ್ಕಿ ಇದ್ದರೆ ಅದು ನೋಯ್ಡಾದಲ್ಲಿ ಅಚ್ಚಾದದ್ದು. ಐದು ಮೂಲೆಯ ನಕ್ಷತ್ರವಿದ್ದರೆ ಹೈದರಾಬಾದು. ಇಸ್ಪೀಟಿನ ಡೈಮಂಡಿನಂಥ ಗುರುತಿದ್ದರೆ ಮುಂಬಯಿ. ಏನೂ ಇಲ್ಲದೆ ಖಾಲಿ ಇದ್ದರೆ ಕೋಲ್ಕತ್ತ. ದೇಶದಲ್ಲಿ ಚಿಲ್ಲರೆ ಅಚ್ಚು ಹಾಕುವ ಸರ್ಕಾರಿ ಟಂಕಸಾಲೆಗಳು ಈ ನಾಲ್ಕೇ. ಮುಂಬಯಿಯದು 1829ರದ್ದು. ಹೈದರಾಬಾದಿನದು ನಿಜಾಮರ ಕಾಲದ್ದು, 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು. ಕೋಲ್ಕತ್ತದ ಈಗಿನ ಅಲಿಪುರದ ಕಟ್ಟಡ 1952ರಲ್ಲಿ ಆರಂಭವಾಯಿತು. ನೋಯ್ಡಾದ್ದು ಎಲ್ಲಕ್ಕಿಂತ ಕಿರಿಯದು, 1988ರಿಂದ ಕೆಲಸ ಮಾಡುತ್ತಿದೆ. ಕೋಲ್ಕತ್ತದವರು ಗುರುತನ್ನೇ ಹಾಕದಿರುವುದು ನನಗೆ ತುಂಬ ಹಿಡಿಸಿದ ಸಂಗತಿ. ಏನೂ ಇಲ್ಲದಿರುವುದೇ ಅವರ ರುಜು.

ಈ ನಾಲ್ಕು ಗುರುತು ಗೊತ್ತಾದರೆ ಹವ್ಯಾಸ ಶುರುವಾಯಿತು ಎಂದೇ ಅರ್ಥ. ದುಡ್ಡು ಬೇಕಿಲ್ಲ, ಆಲ್ಬಂ ಬೇಕಿಲ್ಲ, ಬೆಂಗಳೂರಿನ ವ್ಯಾಪಾರಿಯ ಹತ್ತಿರ ಹೋಗಬೇಕಿಲ್ಲ. ಯಾವುದಾದರೂ ಒಂದು ಇಸವಿ ಹಿಡಿಯಿರಿ. ನಿಮ್ಮ ಮಗಳು ಹುಟ್ಟಿದ ವರ್ಷವಾಗಲಿ, ನಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ 2007 ಆಗಲಿ. ಆ ವರ್ಷದ ಒಂದು ರೂಪಾಯಿ ನಾಲ್ಕು ಟಂಕಸಾಲೆಗಳಿಂದಲೂ ಬೇಕು ಎಂದು ಹಟ ಹಿಡಿಯಿರಿ. ಖರ್ಚು ನಾಲ್ಕು ರೂಪಾಯಿ. ಹುಡುಕಾಟ ಮಾತ್ರ ಬಹಳ ದಿನ ನಡೆಯುತ್ತದೆ. ನಮ್ಮ ಕಡೆ ಕೈಗೆ ಬರುವುದರಲ್ಲಿ ನಕ್ಷತ್ರವೇ ಹೆಚ್ಚು ಎಂದು ನನ್ನ ಅನುಭವ. ಚುಕ್ಕಿಯದಕ್ಕೂ ಖಾಲಿಯದಕ್ಕೂ ಕಾಯಬೇಕಾಗುತ್ತದೆ.

2007 ಎಂದು ಸುಮ್ಮನೆ ಹೇಳಲಿಲ್ಲ. ಆ ವರ್ಷ ಶುರುವಾದ ಹೊಸ ಸರಣಿಯಲ್ಲಿ ನಾಟ್ಯದ ಹಸ್ತಮುದ್ರೆಗಳಿದ್ದವು. ಐವತ್ತು ಪೈಸೆಯ ಮೇಲೆ ಮುಷ್ಟಿ, ಒಂದು ರೂಪಾಯಿಯ ಮೇಲೆ ಎತ್ತಿ ಹಿಡಿದ ಹೆಬ್ಬೆರಳು, ಎರಡು ರೂಪಾಯಿಯ ಮೇಲೆ ಎರಡು ಬೆರಳು. ಓದು ಬಾರದವರೂ ಬೆರಳು ನೋಡಿ ಲೆಕ್ಕ ಹಿಡಿಯಲಿ ಎಂಬ ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಗಾತ್ರದಲ್ಲಿ ತೊಡಕಾಯಿತು. ಒಂದು ರೂಪಾಯಿಯ ಅಡ್ಡಳತೆ 25 ಮಿಲಿಮೀಟರ್, ಎರಡರದ್ದು 27. ಕತ್ತಲಲ್ಲಿ ಬಸ್ಸಿನ ಕಂಡಕ್ಟರು ಬೆರಳ ತುದಿಯಲ್ಲಿ ಗುರುತಿಸುವಷ್ಟು ವ್ಯತ್ಯಾಸ ಅದಲ್ಲ. 2011ರಲ್ಲಿ ಮತ್ತೆ ಬದಲಾಯಿಸಿ ಒಂದನ್ನು 22ಕ್ಕೆ, ಎರಡನ್ನು 25ಕ್ಕೆ ಇಳಿಸಿದರು. ಹಾಗಾಗಿ 2011ರ ಎರಡು ರೂಪಾಯಿ, ಅದಕ್ಕೆ ಮುಂಚಿನ ಹೆಬ್ಬೆರಳಿನ ಒಂದು ರೂಪಾಯಿ, ಎರಡೂ ಒಂದೇ ಅಳತೆ. ಸಂತೆಯಲ್ಲಿ ಕಣ್ಣು ಮಂಜಾದ ಅಜ್ಜಿಯರು ಒಂದನ್ನು ಎರಡೆಂದು ಕೊಡುವುದು, ಎರಡನ್ನು ಒಂದೆಂದು ತೆಗೆದುಕೊಳ್ಳುವುದು ಇದರಿಂದಲೇ. 2019ರಲ್ಲಿ ಕಣ್ಣು ಕಾಣದವರಿಗೂ ಅನುಕೂಲವಾಗುವಂತೆ ಹೊಸ ಸರಣಿ ಬಂತು. ಇಪ್ಪತ್ತು ರೂಪಾಯಿಯ ಹನ್ನೆರಡು ಮೂಲೆಯ ನಾಣ್ಯ ಬಂದದ್ದೂ ಆಗಲೇ. ಈ ವಿಚಾರ ಇನ್ನೂ ಹತ್ತು ವರ್ಷ ಮೊದಲೇ ಬರಬೇಕಿತ್ತು.

ಎಲ್ಲಿ ಹುಡುಕುವುದು? ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ, ನಮ್ಮ ಈ ನಾಲ್ಕು ಊರಿಗೂ ಅದರದರದೇ ಜಾಗ ಇದೆ. ಚಿಕ್ಕಬಳ್ಳಾಪುರದಲ್ಲಿ ಹೂವಿನವರು. ಬೆಳಗಿನ ವ್ಯಾಪಾರದಲ್ಲಿ ಅವರ ಗೋಣಿಚೀಲದ ಅಡಿ ಸೇರುವ ಚಿಲ್ಲರೆಗೆ ಲೆಕ್ಕವಿಲ್ಲ. ಆದರೆ ಹೋದ ಕೂಡಲೇ ಕೇಳಬಾರದು. ಬೋಣಿಯ ಕಾಸನ್ನು ಕಣ್ಣಿಗೆ ಒತ್ತಿಕೊಂಡು ಬೇರೆ ಇಟ್ಟಿರುತ್ತಾರೆ, ಅದನ್ನು ಮುಟ್ಟುವ ಮಾತೇ ಇಲ್ಲ. ಹೊತ್ತು ಏರಿ ಜನ ಕರಗಿದ ಮೇಲೆ, ಎರಡು ಮೊಳ ಹೂವು ಕೊಂಡು, "ಅಕ್ಕಾ, ಈ ಐವತ್ತಕ್ಕೆ ಚಿಲ್ರೆ ಇದ್ರೆ ಕೊಡ್ತೀರಾ, ಹಳೇ ಕಾಯಿನ್ನು ಆರಿಸ್ಕೋಬೇಕು" ಎಂದು ನೇರವಾಗಿ ಹೇಳಿ. "ಹಳೇದ್ರಲ್ಲಿ ಏನೈತಣ್ಣ?" ಎಂದು ಕೇಳಿಯೇ ಕೇಳುತ್ತಾರೆ. ಆಗ ಚುಕ್ಕಿ, ನಕ್ಷತ್ರ ತೋರಿಸಿ. ನನ್ನ ಪರಿಚಯದ ಹೂವಿನ ಅಕ್ಕನೊಬ್ಬರು ಈಗ ತಾವೇ ನೋಡಿ, ಬೇರೆ ಥರದ್ದು ಕಂಡರೆ ತೆಗೆದಿಟ್ಟಿರುತ್ತಾರೆ. ಕಣ್ಣು ನನ್ನದಕ್ಕಿಂತ ಚುರುಕು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತಲಿನ ಟೀ ಅಂಗಡಿ, ಇಡ್ಲಿ ಗಾಡಿಗಳು. ಗೂಡಿನ ದುಡ್ಡು ಈಗ ಬ್ಯಾಂಕಿನ ಖಾತೆಗೆ ಹೋಗುತ್ತದೆ, ನಿಜ. ಆದರೆ ಗೂಡು ತಂದ ರೈತ ಹರಾಜು ಮುಗಿಯುವ ತನಕ ಕಾಯಬೇಕಲ್ಲ. ಸುತ್ತಲ ಹಳ್ಳಿಗಳಿಂದಲೂ ದೂರದ ತಾಲ್ಲೂಕುಗಳಿಂದಲೂ ಬಂದವರ ಜೇಬಿನ ಚಿಲ್ಲರೆ ಆ ಗಾಡಿಗಳಲ್ಲಿ ಬೆರೆಯುತ್ತದೆ. ಒಂದೇ ಊರಿನ ಅಂಗಡಿಯಲ್ಲಿ ಅದೇ ನಾಣ್ಯಗಳು ಸುತ್ತುತ್ತಿರುತ್ತವೆ. ಹತ್ತು ಕಡೆಯ ಜನ ಸೇರುವ ಜಾಗದಲ್ಲಿ ಹೊಸ ಮುಖ ಕಾಣುತ್ತದೆ. ಹುಡುಕುವವರು ಮೊದಲು ಕಲಿಯಬೇಕಾದದ್ದೇ ಇದು.

ಗೌರಿಬಿದನೂರಿಗೆ ಆಂಧ್ರದ ಹಿಂದೂಪುರ ಹತ್ತಿರ. ಅತ್ತಣ ಚಿಲ್ಲರೆ ಇತ್ತ, ಇತ್ತಣದ್ದು ಅತ್ತ. ಗೌರಿಬಿದನೂರು ಎಂದ ಮೇಲೆ ವಿದುರಾಶ್ವತ್ಥದ ಮಾತು ಎತ್ತದೆ ಇರಲಾರೆ. ಅಶ್ವತ್ಥದ ಕಟ್ಟೆಯಲ್ಲಿ ಸಾಲುಸಾಲು ನಾಗರಕಲ್ಲು, ಹರಕೆ ಹೊತ್ತವರು ಇಡುವ ಬಿಲ್ಲೆ. ಅದೇ ನೆಲದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿತು. ಅಂದು ಅಲ್ಲಿ ಬಿದ್ದವರ ಜೇಬಿನಲ್ಲಿ ಇದ್ದಿರಬಹುದಾದ ಕಾಸಿನ ಮೇಲೆ ಇದ್ದದ್ದು ಐದನೆಯ ಜಾರ್ಜನ ಅಥವಾ ಆರನೆಯ ಜಾರ್ಜನ ತಲೆ. ದಂಡಿ ಯಾತ್ರೆಗೆ 75 ವರ್ಷವಾದಾಗ, 2005ರಲ್ಲಿ, ಐದು ರೂಪಾಯಿಯ ನಾಣ್ಯ ಬಂತು. 1857ರ ಹೋರಾಟಕ್ಕೆ 150 ತುಂಬಿದಾಗಲೂ ಬಂತು. 2038ಕ್ಕೆ ವಿದುರಾಶ್ವತ್ಥಕ್ಕೆ ನೂರು ವರ್ಷ ತುಂಬುತ್ತದೆ. ಆ ಅಶ್ವತ್ಥವೂ ಧ್ವಜವೂ ಇರುವ ಒಂದು ಐದು ರೂಪಾಯಿ, ಆಡಂಬರದ ಪೆಟ್ಟಿಗೆಯಲ್ಲಿಟ್ಟು ಮಾರುವ ನಾಣ್ಯವಲ್ಲ, ಜನರ ಕೈಯಲ್ಲಿ ಓಡಾಡುವಂಥದ್ದು, ಬರಬೇಕು. ಈಗಿನಿಂದಲೇ ಕೇಳುತ್ತಾ ಹೋದರೆ ಸಮಯ ಸಾಕಷ್ಟಿದೆ.

ಪೆಟ್ಟಿಗೆಯ ನಾಣ್ಯ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. 75, 100, 125, 150 ರೂಪಾಯಿ ಎಂದೆಲ್ಲ ಪೇಪರಿನಲ್ಲಿ ಸುದ್ದಿ ಬರುವ ನಾಣ್ಯಗಳು ಚಿಲ್ಲರೆಯಲ್ಲಿ ಸಿಗುವುದಿಲ್ಲ. 2023ರಲ್ಲಿ ಹೊಸ ಸಂಸತ್ ಭವನಕ್ಕೆಂದು ಬಂದ 75 ರೂಪಾಯಿಯದೂ ಹಾಗೆಯೇ. ಟಂಕಸಾಲೆಯವರೇ ಮುಖಬೆಲೆಗಿಂತ ಹೆಚ್ಚಿಗೆ ಮಾರುತ್ತಾರೆ. ಕೊಳ್ಳುವವರು ಕೊಳ್ಳಲಿ. ಆದರೆ ಟೊಮೇಟೊ ಕೊಂಡು ಉಳಿದ ಚಿಲ್ಲರೆಯಲ್ಲಿ ಬಸವಣ್ಣನವರು ಸಿಕ್ಕಾಗ ಆಗುವ ಖುಷಿ ಅದರಲ್ಲಿಲ್ಲ. 2006ರಲ್ಲಿ ಮಹಾತ್ಮ ಬಸವೇಶ್ವರರ ಐದು ರೂಪಾಯಿ ಬಂದಿತ್ತು. ಕನ್ನಡ ನಾಡಿನವರು ಚಿಲ್ಲರೆಯಲ್ಲಿ ಹುಡುಕಬೇಕಾದ ಮೊದಲ ಸ್ಮಾರಕ ನಾಣ್ಯ ಅದೇ ಎಂದು ನನ್ನ ಅಭಿಪ್ರಾಯ. ಎರಡನೆಯದು 2003ರ ಎರಡು ರೂಪಾಯಿ, ಭಾರತೀಯ ರೈಲಿಗೆ 150 ವರ್ಷವಾದ ನೆನಪಿನದು. ದೀಪ ಹಿಡಿದು ನಿಂತ ಗಾರ್ಡು ಆನೆ, ಹೆಸರು ಭೋಲು. ಈ ಭೋಲು ಮೊದಲು ಕಾಣಿಸಿಕೊಂಡದ್ದು ನಮ್ಮ ಬೆಂಗಳೂರಿನ ರೈಲು ನಿಲ್ದಾಣದಲ್ಲಿ. 2002ರ ಏಪ್ರಿಲ್ 16ರ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಹಸಿರು ದೀಪ ತೋರಿಸಿತು. ಮಕ್ಕಳಿಗೆ ಈ ಹವ್ಯಾಸ ಹಚ್ಚಬೇಕೆಂದರೆ ಆ ಆನೆಯಿಂದ ಶುರುಮಾಡಿ.

ಇನ್ನು ಚಿಂತಾಮಣಿ. ಹಳೇ ಪೇಟೆಯ ಕಿರಾಣಿ ಅಂಗಡಿಗಳು ಒಂದು ಕಡೆ, ಕೈವಾರಕ್ಕೆ ಬರುವ ಭಕ್ತರ ತಟ್ಟೆಕಾಸು ಇನ್ನೊಂದು ಕಡೆ. ಕೈವಾರದ ತಾತಯ್ಯನವರು ಯೋಗಿಯಾಗುವ ಮೊದಲು ಊರೂರು ಸುತ್ತಿ ಬಳೆ ಮಾರುತ್ತಿದ್ದವರು. ಪರಂಪರೆ ಹೇಳುವಂತೆ ಅವರ ಜೀವಮಾನ 1726ರಿಂದ 1836. ಆ ನೂರ ಹತ್ತು ವರ್ಷಗಳಲ್ಲಿ ಈ ಸೀಮೆಯಲ್ಲಿ ಓಡಾಡಿದ ಕಾಸುಗಳನ್ನು ನೆನೆದರೆ ರೋಮಾಂಚನವಾಗುತ್ತದೆ. ಹೈದರನ ಕಾಸು, ಟಿಪ್ಪುವಿನ ಆನೆಯ ತಾಮ್ರದ ಪೈಸೆ, ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಬಿಲ್ಲೆ. ಒಡೆಯರ ಆ ಬಿಲ್ಲೆಯ ಮೇಲೆ ಕನ್ನಡ ಅಕ್ಷರದಲ್ಲಿ "ಮಯಿಲಿ ಕಾಸು" ಎಂದು ಬರೆದಿರುತ್ತಿತ್ತು. ಬಳೆ ಕೊಂಡ ಹೆಂಗಸು ಕೊಟ್ಟ ಕಾಸಿನಲ್ಲಿ ಕನ್ನಡವಿತ್ತು. ಈಗ ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಒಂದು ಸಾಲಿದೆ, ಓಡಾಡುವ ಬಿಲ್ಲೆಯ ಮೇಲೆ ಹಿಂದಿ, ಇಂಗ್ಲಿಷು ಮಾತ್ರ. ಇದು ನನಗೆ ಬೇಸರದ ಸಂಗತಿಯೇ. ಕರ್ನಾಟಕದ ನಾಣ್ಯಗಳನ್ನು ಜೀವನಪೂರ್ತಿ ಅಧ್ಯಯನ ಮಾಡಿದ ಮೈಸೂರಿನ ಎ. ವಿ. ನರಸಿಂಹಮೂರ್ತಿಯವರ ಪುಸ್ತಕಗಳನ್ನು ಒಮ್ಮೆ ತಿರುವಿ ಹಾಕಿದರೆ, ನಮ್ಮ ನಾಡಿನಲ್ಲಿ ಅಕ್ಷರವೂ ಲೋಹವೂ ಎಷ್ಟು ಹಿಂದಿನಿಂದ ಜೊತೆಯಾಗಿದ್ದವು ಎಂದು ಗೊತ್ತಾಗುತ್ತದೆ.

ಚಿಂತಾಮಣಿ ಎಂದರೆ ಹುಣಸೆಹಣ್ಣು. ಹುಣಸೆಹಣ್ಣು ಎಂದರೆ ಹಿತ್ತಾಳೆ ದೀಪ ತಿಕ್ಕುವುದು. ದಯವಿಟ್ಟು ನಾಣ್ಯವನ್ನು ತಿಕ್ಕಬೇಡಿ. ಹುಳಿ, ಬೂದಿ, ಟೂತ್‌ಪೇಸ್ಟು, ಸ್ಕ್ರಬ್ಬರು ಯಾವುದೂ ಬೇಡ. ಹಳೆಯ ಬಿಲ್ಲೆಗೆ ತಾನಾಗಿ ಬಂದ ಬಣ್ಣ ಅದರ ವಯಸ್ಸು. ತಿಕ್ಕಿದರೆ ಹೊಳಪು ಬರುತ್ತದೆ, ಜೊತೆಗೆ ಮೈತುಂಬ ಗೀರು ಬೀಳುತ್ತದೆ. ಬಲ್ಲವರು ಅಂಥದ್ದನ್ನು ಮುಟ್ಟುವುದೂ ಇಲ್ಲ. ಮಣ್ಣಿದ್ದರೆ ಬರೀ ನೀರಿನಲ್ಲಿ ಅದ್ದಿ, ಹತ್ತಿಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ. ಕಾಗದದ ಚಿಕ್ಕ ಲಕೋಟೆ ಮಾಡಿ, ಮೇಲೆ ಇಸವಿ, ಗುರುತು, ಸಿಕ್ಕ ಊರು ಬರೆದಿಡಿ. ಸಿಕ್ಕ ಊರು ಬರೆಯುವುದನ್ನು ಮರೆಯಬೇಡಿ.

ಇನ್ನೊಂದು ಸಾಧನವನ್ನು ಜೇಬಿನಲ್ಲಿಟ್ಟುಕೊಳ್ಳಿ: ಚಿಕ್ಕದೊಂದು ಅಯಸ್ಕಾಂತ. ಹಳೆಯ ದಪ್ಪನೆಯ ಐದು ರೂಪಾಯಿ, ಹನ್ನೊಂದು ಮೂಲೆಯ ಎರಡು ರೂಪಾಯಿ ತಾಮ್ರ-ನಿಕ್ಕಲಿನ ಮಿಶ್ರಲೋಹದವು, ಅಂಟುವುದಿಲ್ಲ. 1992ರಿಂದ ಬಂದ ಚಿಕ್ಕ ಒಂದು ರೂಪಾಯಿ ಉಕ್ಕಿನದು, ಅಂಟುತ್ತದೆ. ಲೋಹದ ಬೆಲೆ ಏರಿದಂತೆ 2006-07ರ ಹೊತ್ತಿಗೆ ಐದು ರೂಪಾಯಿಯನ್ನೂ ಉಕ್ಕಿಗೆ ಬದಲಾಯಿಸಿದರು. ಅದಕ್ಕೇ 2007ರ ಲೋಕಮಾನ್ಯ ತಿಲಕರ ಐದು ರೂಪಾಯಿ ಎರಡೂ ಲೋಹದಲ್ಲಿ ಸಿಗುತ್ತದೆ. ನೋಡಲು ಒಂದೇ, ಅಯಸ್ಕಾಂತ ಹೇಳುತ್ತದೆ ಬೇರೆ ಎಂದು.

ಹಾಗೆಯೇ ಬಿಲ್ಲೆಯನ್ನು ಸಿಂಹದ ಕಡೆ ನೆಟ್ಟಗೆ ಹಿಡಿದು, ಪುಸ್ತಕದ ಹಾಳೆಯ ಹಾಗೆ ಪಕ್ಕಕ್ಕೆ ತಿರುಗಿಸಿ. ನಮ್ಮ ಗಣರಾಜ್ಯದ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಬರಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಬಂದರೆ ಅಚ್ಚು ತಿರುಗಿದೆ ಎಂದರ್ಥ, ಅದನ್ನು ಎತ್ತಿಡಿ. ಒಂದು ಕಡೆಯ ಚಿತ್ರವೇ ಇನ್ನೊಂದು ಕಡೆ ಒಳಗೆ ತಗ್ಗಿ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಮೂಡಿದ್ದರೆ ಅದಕ್ಕೆ ವ್ಯಾಪಾರಿಗಳು "ಲಖಿ" ಎನ್ನುತ್ತಾರೆ. ಮುಂಚಿನ ಬಿಲ್ಲೆ ಅಚ್ಚಿನಲ್ಲೇ ಸಿಕ್ಕಿಕೊಂಡು ಮುಂದಿನದರ ಮೇಲೆ ಒತ್ತಿದಾಗ ಹಾಗಾಗುತ್ತದೆ.

ಇಸವಿಯ ಕೆಳಗೆ ಈ ನಾಲ್ಕೂ ಅಲ್ಲದ ಗುರುತು ಕಂಡರೆ ಇನ್ನೂ ಸಂತೋಷ. ಚಿಲ್ಲರೆಯ ಅಭಾವ ತೀವ್ರವಾದಾಗ ಸರ್ಕಾರ ಹೊರದೇಶಗಳಲ್ಲಿ ಅಚ್ಚು ಹಾಕಿಸಿ ತರಿಸಿತ್ತು. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ ಎಚ್ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ತೊಂಬತ್ತರ ದಶಕದ ಕೊನೆಯಲ್ಲಿ ಮೆಕ್ಸಿಕೊ, ಸ್ಲೊವಾಕಿಯಾ, ರಷ್ಯಾದಿಂದಲೂ ಬಂದವು. ಮಾಸ್ಕೋದಲ್ಲಿ ಅಚ್ಚಾದ ಐದು ರೂಪಾಯಿಯೊಂದು ಹಡಗು, ರೈಲು, ಬ್ಯಾಂಕಿನ ಚೀಲ, ಕಂಡಕ್ಟರನ ಬ್ಯಾಗು ಎಲ್ಲ ದಾಟಿ ಮಂಚೇನಹಳ್ಳಿಯ ಕಡಲೆಕಾಯಿ ಗಾಡಿಗೆ ಬಂದು ಸೇರುತ್ತದೆ ಎಂದರೆ, ಅದನ್ನು ಎರಡು ನಿಮಿಷ ಕೈಯಲ್ಲಿ ಹಿಡಿದು ನೋಡುವುದು ಅದಕ್ಕೆ ಸಲ್ಲಬೇಕಾದ ಮರ್ಯಾದೆ.

ಅಜ್ಜಿಯರು ಚಿಲ್ಲರೆ ಬಚ್ಚಿಡುತ್ತಿದ್ದ ಸಾಸಿವೆ ಡಬ್ಬಿಯ ಮಾತನ್ನು ಬೇಗ ಮುಗಿಸುತ್ತೇನೆ. ಚೌಕದ ಐದು ಪೈಸೆ, ಅಂಚಿಗೆ ಹೂವಿನ ದಳ ಬಿಡಿಸಿದ ಹತ್ತು ಪೈಸೆ, ಆರು ಮೂಲೆಯ ಮೂರು ಪೈಸೆ, ಕಮಲದ ಹಿತ್ತಾಳೆ ಇಪ್ಪತ್ತು ಪೈಸೆ, ಘೇಂಡಾಮೃಗದ ನಾಲ್ಕಾಣೆ, ಇವು ಅಲ್ಲಿ ಸಿಕ್ಕಾವು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡವು. ಐವತ್ತು ಪೈಸೆಗೆ ಇಂದಿಗೂ ಚಲಾವಣೆಯಿದೆ. ಯಾವ ಅಂಗಡಿಯವರೂ ಮುಟ್ಟುವುದಿಲ್ಲ, ಆದರೂ ಕಾನೂನಿನಲ್ಲಿ ಅದು ದುಡ್ಡೇ.

ಈಗ ಗಂಭೀರವಾದ ಒಂದು ಮಾತು. "ವೈಷ್ಣೋದೇವಿಯ ಐದು ರೂಪಾಯಿ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ" ಎಂದು ಮೊಬೈಲಿಗೆ ವಿಡಿಯೊ ಬರುತ್ತದೆ. ನಂಬಿ ಫೋನ್ ಮಾಡಿದರೆ ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕೊರಿಯರ್ ಖರ್ಚು ಎಂದು ಕೀಳುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ, ತನ್ನ ಹೆಸರು ಹೇಳಿಕೊಂಡು ಹಳೆ ನೋಟು, ನಾಣ್ಯ ಕೊಳ್ಳುತ್ತೇವೆ ಎನ್ನುವವರಿಗೆ ಮೋಸಹೋಗಬೇಡಿ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಶುಲ್ಕ ಕೇಳುವುದಿಲ್ಲ ಎಂದು ಪ್ರಕಟಣೆ ಕೊಟ್ಟಿದೆ. 2012ರ ವೈಷ್ಣೋದೇವಿ ನಾಣ್ಯ ಓಡಾಡಲೆಂದೇ ಅಚ್ಚಾದದ್ದು. ಸವೆದ ಅಂಥ ಐದು ರೂಪಾಯಿ ಐದೇ ರೂಪಾಯಿ. ನಮ್ಮ ತಾಲ್ಲೂಕುಗಳಲ್ಲಿ ಸಾಲದಲ್ಲಿರುವ ರೈತರ ಮನೆಯವರು ಇಂಥ ವಿಡಿಯೊ ನಂಬಿ ಇದ್ದಬದ್ದದ್ದನ್ನು ಕಳೆದುಕೊಳ್ಳಬಾರದು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಬೇಕು.

ಚಿಲ್ಲರೆ ಕಾಣುವುದೇ ಕಡಿಮೆಯಾಗುತ್ತಿದೆ. ಎಳನೀರಿನ ಗಾಡಿಗೂ ಕ್ಯೂಆರ್ ಕೋಡು ಬಂದಿದೆ, ದುಡ್ಡು ಬಂತೆಂದು ಪೆಟ್ಟಿಗೆಯೇ ಕೂಗಿ ಹೇಳುತ್ತದೆ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲ. ಒಳ್ಳೆಯದೇ ಆಯಿತು, ಕೂಲಿಗೆ ಹೋಗುವ ಎಷ್ಟೋ ಹೆಂಗಸರ ಕೈಯಲ್ಲಿ ಅದರಿಂದ ನಾಲ್ಕು ಕಾಸು ಉಳಿದಿದೆ. ಕಂಡಕ್ಟರರ ಬ್ಯಾಗು ಮಾತ್ರ ಹಗುರವಾಗಿದೆ. ಚಿಂತಾಮಣಿ ಕಡೆಯ ಖಾಸಗಿ ಬಸ್ಸುಗಳಲ್ಲಿ ಇನ್ನೂ ಬಿಲ್ಲೆಗಳ ಸದ್ದು ಕೇಳುತ್ತದೆ. ಕಿರಾಣಿ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಚಾಕಲೇಟು ಕೊಟ್ಟರೆ ಬೇಡ ಎನ್ನಿ, ಚಿಲ್ಲರೆಯೇ ಕೇಳಿ. ಬ್ಯಾಂಕಿನಲ್ಲಿ ಕೇಳಿದರೆ ನೂರು ಬಿಲ್ಲೆಯ ಪಾಲಿಥೀನ್ ಪೊಟ್ಟಣವೂ ಸಿಗಬಹುದು. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಹೋಗಿ ಮೇಡಮ್ಮನವರನ್ನೋ ಸಾರನ್ನೋ ಸಮಾಧಾನವಾಗಿ ಕೇಳಬೇಕು.

ಅಂಗಡಿಗಳಲ್ಲಿ ರಾಶಿಯಾಗಿ ಬಿದ್ದಿರುವುದು ಮಾತ್ರ ಹತ್ತು ರೂಪಾಯಿ ಬಿಲ್ಲೆ. "ಹತ್ತರ ಕಾಯಿನ್ನು ನಡೆಯಲ್ಲ ಸಾರ್, ಯಾರೂ ತಗೊಳಲ್ಲ" ಎಂಬ ಮಾತು ನಾಲ್ಕೂ ಊರಿನಲ್ಲಿ ಕೇಳಿದ್ದೇನೆ. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಎನ್ನುತ್ತಾರೆ ಒಬ್ಬರು, ಹದಿನೈದು ಗೆರೆಯದು ಖೋಟಾ ಎನ್ನುತ್ತಾರೆ ಇನ್ನೊಬ್ಬರು. ಚಿಹ್ನೆ ಬಂದದ್ದೇ 2010ರಲ್ಲಿ, ಬಿಲ್ಲೆಯ ಮೇಲೆ ಕಂಡದ್ದು 2011ರಿಂದ. ಅದಕ್ಕೆ ಮುಂಚಿನವಕ್ಕೆ ಚಿಹ್ನೆ ಎಲ್ಲಿಂದ ಬರಬೇಕು? ಗೆರೆ ಇರುವ ಬಿಲ್ಲೆಗಳಲ್ಲಿ ಮೊದಲಿನವಕ್ಕೆ ಹದಿನೈದು ಗೆರೆ, ಆಮೇಲಿನವಕ್ಕೆ ಹತ್ತು, ಅಷ್ಟೇ ವ್ಯತ್ಯಾಸ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿತು: ಅಲ್ಲಿಯವರೆಗೆ ಬಂದ ಹದಿನಾಲ್ಕು ವಿನ್ಯಾಸಗಳೂ ಸಾಚಾ, ಎಲ್ಲವೂ ಚಲಾವಣೆಯಲ್ಲಿವೆ. ಹೊಸದಾಗಿ ಶುರುಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗುರಿ ಇಲ್ಲ. ಅಂಗಡಿಯವರು ಮೂಲೆಗಿಟ್ಟ ಡಬ್ಬ ತರಿಸಿ, ನೋಟು ಕೊಟ್ಟು, ಕೂತು ಆರಿಸಿ. ರಿಸರ್ವ್ ಬ್ಯಾಂಕಿನ 75ನೇ ವರ್ಷದ್ದು, ಸಂಸತ್ತಿನ 60ನೇ ವರ್ಷದ್ದು, ತೆಂಗಿನನಾರು ಮಂಡಳಿಯದು, ಗಾಂಧೀಜಿ ಆಫ್ರಿಕಾದಿಂದ ಮರಳಿದ ನೂರನೇ ವರ್ಷದ್ದು, ಅಂಬೇಡ್ಕರರ 125ರದ್ದು, ಯೋಗದಿನದ್ದು, ಹೋಮಿ ಭಾಭಾ ಶತಮಾನೋತ್ಸವದ್ದು. ಕೊನೆಯದು ನಮ್ಮ ಕಡೆ ಅಪರೂಪ, ಕಂಡರೆ ಬಿಡಬೇಡಿ. ಉಳಿದದ್ದನ್ನು ಅದೇ ಪೇಟೆಯಲ್ಲಿ ಖರ್ಚು ಮಾಡಿ. ಯಾರಾದರೂ ಬೇಡ ಎಂದರೆ ಜಗಳವಾಡದೆ ರಿಸರ್ವ್ ಬ್ಯಾಂಕಿನ 14440ಕ್ಕೆ ಮಿಸ್ಡ್ ಕಾಲ್ ಕೊಡಿ. ತಿರುಗಿ ಬರುವ ಕರೆಯಲ್ಲಿ ಹತ್ತು ರೂಪಾಯಿ ಬಿಲ್ಲೆಯ ವಿಷಯವನ್ನೂ ಹೇಳುತ್ತಾರೆ. ಸ್ಪೀಕರ್ ಹಾಕಿ ಅಂಗಡಿಯವರಿಗೂ ಕೇಳಿಸಿ.